ಎ7ಆರ್5 ಬೇಕಾ, ಝಡ್8 ಬೇಕಾ? ತುಮಕೂರಿನಲ್ಲೇ ಪರೀಕ್ಷಿಸಿ ತೀರ್ಮಾನಿಸುವ ಕ್ರಮ

ಸೋನಿ ಎ7ಆರ್5 ತಗೊಳ್ಳಲಾ, ನಿಕಾನ್ ಝಡ್8 ತಗೊಳ್ಳಲಾ? ತುಮಕೂರು ಕಡೆಯ ಮದುವೆ ಫೋಟೋಗ್ರಾಫರ್‌ಗಳೂ ಕೇಳುತ್ತಾರೆ, ಭಾನುವಾರ ಹಕ್ಕಿ ಹುಡುಕಿಕೊಂಡು ಹೊರಡುವವರೂ ಕೇಳುತ್ತಾರೆ. ಕೇಳುವವರು ಪರೀಕ್ಷೆ ಮಾಡದೇ ಇರುವವರೇನಲ್ಲ. ಮಾಡಿರುತ್ತಾರೆ. ಒಂದನ್ನು ಗೆಳೆಯನ ಮದುವೆಯಲ್ಲಿ, ಇನ್ನೊಂದನ್ನು ಅಂಗಡಿಯ ಕೌಂಟರ್ ಮುಂದೆ. ಒಂದಕ್ಕೆ ಲಕ್ಷದ ಮೇಲಿನ ಲೆನ್ಸ್, ಇನ್ನೊಂದಕ್ಕೆ ಕೈಗೆ ಸಿಕ್ಕಿದ ಲೆನ್ಸ್. ಒಂದರಲ್ಲಿ ಜೆಪೆಗ್, ಇನ್ನೊಂದರಲ್ಲಿ ರಾ (ಸೆನ್ಸರ್ ಕೊಟ್ಟದ್ದನ್ನು ಹಾಗೇ ಇಡುವ ಫೈಲ್). ಆಮೇಲೆ ಎರಡನ್ನೂ 100% ಜೂಮ್ ಮಾಡಿ "ಇದು ಶಾರ್ಪ್, ಅದರಲ್ಲಿ ನಾಯ್ಸ್ ಜಾಸ್ತಿ" ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಒಳ್ಳೆ ಬೆಳಕಿನಲ್ಲಿ ನಿಂತಿರುವ ಮನುಷ್ಯನ ಮುಂದೆ ಎರಡೂ ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅಲ್ಲಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲೆಲ್ಲ ಹುಡುಕುವುದು ಒಂದೇ ವಿಷಯ: ನಿಮ್ಮ ಕೆಲಸದಲ್ಲಿ ಯಾವ ಕ್ಯಾಮೆರಾ ಎಲ್ಲಿ ಕೈಕೊಡುತ್ತದೆ? ಉದಾಹರಣೆಗೆ ಈ ಎರಡನ್ನು ಇಟ್ಟುಕೊಂಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಕ್ಯಾನನ್ ಆರ್5 ಮಾರ್ಕ್ 2 ಇದ್ದರೂ ಕ್ರಮ ಇದೇ. ಆದರೆ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಲೆನ್ಸ್ ತೀರ್ಮಾನಿಸದೆ ಬಾಡಿಯನ್ನು (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಬಾಡಿಗೆಗೆ ತಂದವರ ದುಡ್ಡು ಹೆಚ್ಚಾಗಿ ದಂಡವೇ ಆಗುತ್ತದೆ.

## ಬೇಕಾಗುವ ಸಾಮಾನು

ಎರಡೂ ಬಾಡಿ ಒಂದೇ ದಿನ ಕೈಯಲ್ಲಿರಬೇಕು. ಒಂದೇ ದರ್ಜೆಯ ಲೆನ್ಸ್ ಜೋಡಿ ಬೇಕು. ಕಾರ್ಡ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಎ7ಆರ್5ರ ಎರಡೂ ಸ್ಲಾಟ್‌ಗೆ ಎಸ್‌ಡಿ ಅಥವಾ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಎ ಹೋಗುತ್ತದೆ. ಝಡ್8ರಲ್ಲಿ ಒಂದು ಸ್ಲಾಟ್ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ, ಇನ್ನೊಂದು ಎಸ್‌ಡಿ. ಟೈಪ್ ಎ ಮತ್ತು ಟೈಪ್ ಬಿ ಅಳತೆಯಲ್ಲೇ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಎರಡಕ್ಕೂ ಅವುಗಳ ವೇಗದ ಕಾರ್ಡನ್ನೇ ಹಾಕಿ. ಒಂದಕ್ಕೆ ಹಳೆಯ ಎಸ್‌ಡಿ ಹಾಕಿ ಬಫರ್ (ಕಾರ್ಡ್‌ಗೆ ಹೋಗುವ ಮೊದಲು ಫೋಟೋ ಕಾಯುವ ಮೆಮೊರಿ) ತುಂಬಿತು ಎಂದು ದೂರುವುದು ಅನ್ಯಾಯ.

ಜೊತೆಗೆ ಗಟ್ಟಿ ಟ್ರೈಪಾಡ್, ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಕಾರ್ಡ್), ಒಂದು ನೋಟ್‌ಬುಕ್. ಮತ್ತೆ ಕ್ಯಾಮೆರಾ ಬ್ರಾಂಡ್ ಬಗ್ಗೆ ಯಾವ ಅಭಿಮಾನವೂ ಇಲ್ಲದ ಒಬ್ಬ ಗೆಳೆಯ. ಇವನು ಕೊನೆಗೆ ಕೆಲಸಕ್ಕೆ ಬರುತ್ತಾನೆ.

## 1. ಮೊದಲು ನಿಮ್ಮ ಹಳೆಯ ಫೋಟೋ ಲೆಕ್ಕ ಹಾಕಿ

ಸ್ಪೆಕ್ ಶೀಟ್ ಆಮೇಲೆ. ಕಳೆದ ಒಂದು ವರ್ಷದಲ್ಲಿ ಗ್ರಾಹಕರಿಗೆ ಕೊಟ್ಟ, ಪ್ರಿಂಟ್ ಹಾಕಿಸಿದ ಫೋಟೋಗಳನ್ನು ಒಂದು ಕಡೆ ಸೇರಿಸಿ. ಲೈಟ್‌ರೂಮ್ ಇದ್ದರೆ ಲೈಬ್ರರಿಯ ಮೆಟಾಡೇಟಾ ಫಿಲ್ಟರ್‌ನಲ್ಲಿ ಲೆನ್ಸ್, ಫೋಕಲ್ ಲೆಂತ್, ಐಎಸ್‌ಒ, ಶಟರ್ ಸ್ಪೀಡ್ ಎಲ್ಲ ಸಿಗುತ್ತದೆ. ಇಲ್ಲದಿದ್ದರೆ ಉಚಿತವಾಗಿ ಸಿಗುವ ಡಿಜಿಕ್ಯಾಮ್ ಸಾಕು. ತಾನು ವೈಲ್ಡ್‌ಲೈಫ್ ಫೋಟೋಗ್ರಾಫರ್ ಎಂದು ನಂಬಿಕೊಂಡವರ ಲೆಕ್ಕ ತೆಗೆದರೆ ಮುಕ್ಕಾಲು ಪಾಲು ನಾಮಕರಣ, ಗೃಹಪ್ರವೇಶವೇ ಇರುತ್ತದೆ. ತಪ್ಪಲ್ಲ, ಆದರೆ ಕ್ಯಾಮೆರಾ ತೆಗೆದುಕೊಳ್ಳುವಾಗ ಅದು ಗೊತ್ತಿರಬೇಕು ಅಲ್ವಾ?

ಆಮೇಲೆ ಮುಖ್ಯವಾದ ಕೆಲಸ: ಕೆಟ್ಟುಹೋದ ಫೋಟೋಗಳನ್ನು ನೋಡಿ. ಅವನ್ನು ಕಾರಣದ ಪ್ರಕಾರ ಬೇರೆ ಮಾಡಿ. ಫೋಕಸ್ ಬೇರೆ ಕಡೆ ಹೋಗಿದೆಯಾ? ಫೋಕಸ್ ಸರಿ ಇದ್ದು ಕ್ಷಣ ತಪ್ಪಿದೆಯಾ? ಕ್ರಾಪ್ ಮಾಡಿದರೆ ಏನೂ ಉಳಿಯುವುದಿಲ್ಲವಾ? ಎಲ್‌ಇಡಿ ಬೆಳಕಿಗೆ ಅಡ್ಡ ಪಟ್ಟಿ ಬಂದಿದೆಯಾ? ಅಥವಾ ಶಟರ್ ಸ್ಪೀಡ್ ನೀವೇ ಕಡಿಮೆ ಇಟ್ಟಿದ್ದಿರಾ?

ಕೊನೆಯ ಗುಂಪು ದೊಡ್ಡದಿದ್ದರೆ ಇಲ್ಲಿಗೇ ನಿಲ್ಲಿಸಿ. ಯಾವ ಕ್ಯಾಮೆರಾ ತಂದರೂ ಅದು ಸರಿ ಹೋಗುವುದಿಲ್ಲ. ಉಳಿದವರು ತಮ್ಮ ಮೂರು ಮುಖ್ಯ ತೊಂದರೆಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ. ಪರೀಕ್ಷೆ ಪೂರ್ತಿ ಆ ಮೂರರ ಸುತ್ತ ನಡೆಯಬೇಕು.

## 2. ಬಾಡಿಗಿಂತ ಮೊದಲು ಲೆನ್ಸ್ ಜೋಡಿ

ಬಾಡಿಯನ್ನು ನಾಲ್ಕೈದು ವರ್ಷಕ್ಕೆ ಮಾರುತ್ತೀರಿ, ಲೆನ್ಸ್ ಇನ್ನೂ ಜಾಸ್ತಿ ದಿನ ಇರುತ್ತದೆ. ಎರಡು ಕಾಲಂ ಹಾಕಿ, ನಿಮಗೆ ಬೇಕಾದ ಎರಡು ಮೂರು ಲೆನ್ಸ್ ಪ್ರತಿ ಮೌಂಟ್‌ನಲ್ಲಿ (ಲೆನ್ಸ್ ಕೂರುವ ಬಾಯಿ, ಕಂಪನಿಗೊಂದು ಥರ) ಯಾವುದಿದೆ, ಎಷ್ಟು ತೂಕ, ಎಷ್ಟು ಬೆಲೆ ಎಂದು ಬರೆಯಿರಿ. ಹಕ್ಕಿ, ಪ್ರಾಣಿಗಾದರೆ ಸೋನಿಯ 200-600, ನಿಕಾನ್‌ನ 180-600. ಎರಡೂ ಎಫ್/5.6-6.3, ಎರಡೂ ಜೂಮ್ ಮಾಡಿದಾಗ ಉದ್ದ ಆಗುವುದಿಲ್ಲ, ತೂಕವೂ ಎರಡು ಕಿಲೋ ಆಸುಪಾಸು. ಹೋಲಿಕೆಗೆ ಹೇಳಿ ಮಾಡಿಸಿದ ಜೋಡಿ.

ಮದುವೆಗೆ 70-200 ಎಫ್/2.8 ನೋಡಿ. ಸೋನಿಯ ಎರಡನೇ ಜಿ ಮಾಸ್ಟರ್ 1045 ಗ್ರಾಂ. ನಿಕಾನ್‌ನ ಝಡ್ 70-200 ಎಸ್ ಟ್ರೈಪಾಡ್ ಕಾಲರ್ ಬಿಟ್ಟು 1360 ಗ್ರಾಂ. ಬ್ಯಾಟರಿ, ಕಾರ್ಡ್ ಸೇರಿ ಎ7ಆರ್5 ಬಾಡಿ 723 ಗ್ರಾಂ, ಝಡ್8 910 ಗ್ರಾಂ. ಕೂಡಿದರೆ ಅರ್ಧ ಕಿಲೋ ವ್ಯತ್ಯಾಸ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಇದು ಏನೂ ಅನ್ನಿಸುವುದಿಲ್ಲ. ಬೆಳಗಿನ ಜಾವದ ಮುಹೂರ್ತದಿಂದ ಮಧ್ಯಾಹ್ನದ ಊಟದ ಪಂಕ್ತಿವರೆಗೆ ಕುತ್ತಿಗೆಯಲ್ಲಿ ನೇತಾಡುವಾಗ ಅನ್ನಿಸುತ್ತದೆ.

ಬೇರೆ ಕಂಪನಿಗಳ ಲೆನ್ಸ್ ಸೋನಿ ಮೌಂಟ್‌ಗೆ ಜಾಸ್ತಿ ಸಿಗುತ್ತವೆ. ಬಜೆಟ್ ಬಿಗಿ ಇದ್ದವರಿಗೆ ಇದೇ ದೊಡ್ಡ ವಿಷಯ. ಈಗಾಗಲೇ ಹಳೆಯ ನಿಕಾನ್ ಡಿಎಸ್‌ಎಲ್‌ಆರ್ ಲೆನ್ಸ್‌ಗಳಿದ್ದರೆ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಝಡ್8ರಲ್ಲಿ ಬಳಸಬಹುದು. ಆದರೆ ಎಎಫ್-ಡಿ ತರಹದ ಹಳೆಯ ಸ್ಕ್ರೂ ಡ್ರೈವ್ (ತಮ್ಮದೇ ಮೋಟಾರ್ ಇಲ್ಲದ) ಲೆನ್ಸ್‌ಗಳಲ್ಲಿ ಆಟೋಫೋಕಸ್ ಬರುವುದಿಲ್ಲ. ಕಪಾಟಿನಲ್ಲಿ ಇರುವುದು ಯಾವುದು ಎಂದು ಮೊದಲೇ ನೋಡಿ.

## 3. ಎರಡನ್ನೂ ಒಟ್ಟಿಗೆ ಬಾಡಿಗೆಗೆ ತನ್ನಿ

ಬೆಂಗಳೂರು 70 ಕಿಲೋಮೀಟರ್. ಬಾಡಿಗೆ ಅಂಗಡಿಗಳು ಅಲ್ಲೇ ಜಾಸ್ತಿ, ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರಬಹುದು. ಈ ವಾರ ಒಂದು, ಮುಂದಿನ ವಾರ ಇನ್ನೊಂದು ತರಬೇಡಿ. ಬೆಳಕು ಬೇರೆ, ಹಕ್ಕಿ ಬೇರೆ, ನಿಮ್ಮ ಮನಸ್ಥಿತಿಯೂ ಬೇರೆ. ಅದು ಹೋಲಿಕೆ ಆಗುವುದಿಲ್ಲ.

ಸಮಯ ನೋಡಿಕೊಳ್ಳಿ. ಮದುವೆ ಸೀಸನ್‌ನಲ್ಲಿ ಈ ಬಾಡಿಗಳು ಸಿಗುವುದೇ ಕಷ್ಟ. ಆಷಾಢದಲ್ಲಿ ಸುಲಭವಾಗಿ ಸಿಗುತ್ತವೆ, ಆದರೆ ಆಗ ಪರೀಕ್ಷೆಗೆ ಮದುವೆಯೇ ಇರುವುದಿಲ್ಲ! ಸೀಸನ್ ಮಧ್ಯದ ವಾರದ ದಿನಗಳನ್ನು ಕೇಳಿ, ಆಗ ಸಿಗುವ ಸಾಧ್ಯತೆ ಜಾಸ್ತಿ.

ಅಂಗಡಿಯಿಂದ ಹೊರಡುವ ಮೊದಲು ಅಲ್ಲೇ ನಿಂತು ಮಾಡಬೇಕಾದ ಕೆಲಸ ಇವು. ಬಾಡಿ, ಲೆನ್ಸ್ ಮೇಲಿನ ಗೀರುಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಸೀರಿಯಲ್ ನಂಬರ್ ಪತ್ರದಲ್ಲಿರುವುದಕ್ಕೆ ತಾಳೆ ಆಗುತ್ತದಾ ನೋಡಿ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಾಣುತ್ತದೆ. ಕೊನೆಯದಾಗಿ ಫರ್ಮ್‌ವೇರ್. ಇದನ್ನು ಯಾರೂ ನೋಡುವುದಿಲ್ಲ. ಝಡ್8ಗೆ ಹಕ್ಕಿಗಳನ್ನೇ ಬೇರೆಯಾಗಿ ಗುರುತಿಸುವ ಮೋಡ್ ಬಂದಿದ್ದು 2024ರ 2.00 ಫರ್ಮ್‌ವೇರ್‌ನಲ್ಲಿ. ಅದಕ್ಕಿಂತ ಹಳೆಯದು ಇದ್ದ ಬಾಡಿ ತಂದು ಹಕ್ಕಿ ಫೋಟೋ ತೆಗೆದರೆ ನೀವು ಹೋಲಿಸುತ್ತಿರುವುದು ಹಳೆಯ ಝಡ್8 ಅನ್ನು. ಮೆನುವಿನಲ್ಲಿ ಹಕ್ಕಿ ಕಾಣಿಸದಿದ್ದರೆ ಅಪ್‌ಡೇಟ್ ಮಾಡಿಸಿಕೊಂಡೇ ಹೊರಡಿ.

## 4. ಎರಡನ್ನೂ ಒಂದೇ ನೆಲದಲ್ಲಿ ನಿಲ್ಲಿಸಿ

ಬಾಡಿಗೆ ಕ್ಯಾಮೆರಾದಲ್ಲಿ ಹಿಂದಿನವರು ಬಿಟ್ಟುಹೋದ ಸೆಟ್ಟಿಂಗ್ ಇರುತ್ತದೆ. ಎರಡನ್ನೂ ಪೂರ್ತಿ ರೀಸೆಟ್ ಮಾಡಿ. ಆಮೇಲೆ ಮ್ಯಾನ್ಯುವಲ್ ಮೋಡ್, ರಾ, ಎರಡರಲ್ಲೂ ಒಂದೇ ಶಟರ್ ಸ್ಪೀಡ್, ಒಂದೇ ಅಪರ್ಚರ್, ಒಂದೇ ಐಎಸ್‌ಒ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಗ್ರೇ ಕಾರ್ಡ್‌ನಿಂದ ಸೆಟ್ ಮಾಡಿ.

ಎ7ಆರ್5ರಲ್ಲಿ ಒಂದು ಸೂಕ್ಷ್ಮ ಇದೆ. ಸೆಕೆಂಡಿಗೆ 10 ಫ್ರೇಮ್ ಎಂದು ಬರೆದಿರುತ್ತಾರಲ್ಲ, ಅದು ಕಂಪ್ರೆಸ್ಡ್ ರಾ ಇಟ್ಟಾಗಿನ ಮಾತು. ಲಾಸ್‌ಲೆಸ್ ರಾ ಇಟ್ಟರೆ ವೇಗ ಇಳಿಯುತ್ತದೆ. ಝಡ್8 ರಾದಲ್ಲೇ 20 ಫ್ರೇಮ್ ಕೊಡುತ್ತದೆ. ಓಡುವ ವಿಷಯಕ್ಕೆ ಸೋನಿಯನ್ನು ಕಂಪ್ರೆಸ್ಡ್‌ನಲ್ಲಿ, ಬೆಟ್ಟ ಗುಡ್ಡಕ್ಕೆ ಲಾಸ್‌ಲೆಸ್‌ನಲ್ಲಿ ಇಡಿ. ನೀವು ನಿಜವಾಗಿ ಬಳಸುವುದೂ ಹಾಗೇ ತಾನೇ.

ಫೋಕಸ್‌ಗೆ ಎರಡರಲ್ಲೂ ಎಎಫ್-ಸಿ (ಬಿಡದೆ ಹಿಂಬಾಲಿಸುವ ಫೋಕಸ್), ಸಬ್ಜೆಕ್ಟ್ ಡಿಟೆಕ್ಷನ್ (ಮುಖ, ಪ್ರಾಣಿ, ಹಕ್ಕಿ ಗುರುತಿಸುವುದು) ಆನ್, ಹೆಚ್ಚುಕಡಿಮೆ ಒಂದೇ ಅಳತೆಯ ಏರಿಯಾ. ಫೋಕಸ್ ಆಗುವ ಮೊದಲೇ ಶಟರ್ ಬಿಡಬೇಕಾ, ಆದಮೇಲೆ ಬಿಡಬೇಕಾ ಎನ್ನುವ ಆಯ್ಕೆ ಎರಡರಲ್ಲೂ ಇದೆ. ಒಂದರಲ್ಲಿ ರಿಲೀಸ್, ಇನ್ನೊಂದರಲ್ಲಿ ಫೋಕಸ್ ಆದ್ಯತೆ ಇದ್ದರೆ ನಿಮ್ಮ ಲೆಕ್ಕ ಪೂರ್ತಿ ಕೆಡುತ್ತದೆ.

ಎಚ್ಚರಿಕೆಯ ಗುರುತು: ಒಂದೇ ಸೆಟ್ಟಿಂಗ್‌ನಲ್ಲಿ ತೆಗೆದ ಎರಡು ರಾ ಫೈಲ್‌ಗಳ ಬೆಳಕಿನಲ್ಲಿ ಅರ್ಧ ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಜಾಸ್ತಿ ವ್ಯತ್ಯಾಸ ಕಂಡರೆ ಎಲ್ಲೋ ಏನೋ ಬೇರೆ ಇದೆ. ಎರಡರ ಸೆಟ್ಟಿಂಗ್‌ಗಳನ್ನೂ ಇನ್ನೊಮ್ಮೆ ತಾಳೆ ನೋಡಿ.

## 5. ಮನೆಯಲ್ಲೇ ಅರ್ಧ ಗಂಟೆ: ಫ್ಯಾನ್ ಮತ್ತು ಎಲ್‌ಇಡಿ

ಹೊರಗೆ ಹೋಗುವ ಮೊದಲು ಈ ಎರಡು ಪರೀಕ್ಷೆ ಮುಗಿಸಿ. ಇವು ಹೇಳುವಷ್ಟನ್ನು ಯಾವ ವಿಡಿಯೋ ವಿಮರ್ಶೆಯೂ ಹೇಳುವುದಿಲ್ಲ.

ಸೀಲಿಂಗ್ ಫ್ಯಾನ್ ಜೋರಾಗಿ ಹಾಕಿ, ಶಟರ್ 1/2000ಕ್ಕೆ ಇಟ್ಟು ಕೆಳಗಿನಿಂದ ಫೋಟೋ ತೆಗೆಯಿರಿ. ಎ7ಆರ್5ರಲ್ಲಿ ಒಮ್ಮೆ ಮೆಕ್ಯಾನಿಕಲ್ ಶಟರ್, ಒಮ್ಮೆ ಸೈಲೆಂಟ್. ಮೆಕ್ಯಾನಿಕಲ್‌ನಲ್ಲಿ ರೆಕ್ಕೆ ನೆಟ್ಟಗೆ ಕಾಣುತ್ತದೆ, ಸೈಲೆಂಟ್‌ನಲ್ಲಿ ಸೊಟ್ಟಗೆ ಬಾಗಿರುತ್ತದೆ. ಕಾರಣ ಸರಳ. ಆ 61 ಮೆಗಾಪಿಕ್ಸೆಲ್ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ ಮುಗಿಸಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಅಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತದೆ. ಝಡ್8ರದ್ದು ಸ್ಟ್ಯಾಕ್ಡ್ ಸೆನ್ಸರ್, ಅಂದರೆ ವೇಗವಾಗಿ ಓದಲೆಂದು ಪದರ ಪದರವಾಗಿ ಮಾಡಿದ್ದು. ಅದು ಸುಮಾರು 1/270 ಸೆಕೆಂಡಿನಲ್ಲಿ ಓದಿ ಮುಗಿಸುತ್ತದೆ. ಇದು ಮೆಕ್ಯಾನಿಕಲ್ ಪರದೆಯ ಓಟಕ್ಕೆ ಹತ್ತಿರ ಹತ್ತಿರ ಬರುವುದರಿಂದ ನಿಕಾನ್ ಆ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರನ್ನೇ ಇಟ್ಟಿಲ್ಲ. ಪೂರ್ತಿ ಎಲೆಕ್ಟ್ರಾನಿಕ್.

ಈಗ ಎಲ್‌ಇಡಿ ಬಲ್ಬ್ ಅಥವಾ ಟ್ಯೂಬ್ ಕೆಳಗೆ ಬಿಳಿ ಗೋಡೆ. 1/50, 1/100, 1/125, 1/250, 1/500, 1/1000 ಹೀಗೆ ಒಂದೊಂದಾಗಿ ತೆಗೆಯುತ್ತಾ ಹೋಗಿ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಸಾಮಾನ್ಯ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/50 ಮತ್ತು 1/100ರಲ್ಲಿ ಪಟ್ಟಿ ಬರುವುದಿಲ್ಲ ಅಥವಾ ಬಹಳ ಕಡಿಮೆ, ಅದಕ್ಕಿಂತ ವೇಗ ಆದಂತೆ ಗೋಡೆ ಮೇಲೆ ಅಡ್ಡ ಪಟ್ಟಿ ಶುರುವಾಗುತ್ತದೆ. ಯಾವ ಕ್ಯಾಮೆರಾದಲ್ಲಿ, ಯಾವ ಮೋಡ್‌ನಲ್ಲಿ, ಯಾವ ವೇಗದಿಂದ ಶುರುವಾಯಿತು ಎಂದು ಬರೆದುಕೊಳ್ಳಿ. ಮುಂದಿನ ಹಂತಕ್ಕೆ ಈ ಪುಟ ಜೇಬಲ್ಲಿರಲಿ.

## 6. ಕಲ್ಯಾಣ ಮಂಟಪ

ಮೊದಲ ನಿಯಮ: ಪರೀಕ್ಷೆಯ ಕ್ಯಾಮೆರಾ ಮುಖ್ಯ ಕ್ಯಾಮೆರಾ ಆಗಬಾರದು. ಮದುವೆಗೆ ನಿಮ್ಮ ಹಳೆಯ ಕ್ಯಾಮೆರಾದಲ್ಲೇ ಒಬ್ಬರು ತೆಗೆಯುತ್ತಿರಲಿ, ನೀವು ಎರಡನೆಯವರಾಗಿ ಓಡಾಡಿ. ಮನೆಯವರಿಗೆ ಮೊದಲೇ ಹೇಳಿ. ಅಂತರಪಟ ಸರಿಯುವ ಕ್ಷಣ ಎರಡನೇ ಸಲ ಬರುವುದಿಲ್ಲ.

ಆರತಕ್ಷತೆಯ ವೇದಿಕೆಯಿಂದ ಶುರು ಮಾಡಿ. ಹಿಂದೆ ಎಲ್‌ಇಡಿ ವಾಲ್, ಮೇಲೆ ಬಣ್ಣ ಬದಲಾಯಿಸುವ ಪಾರ್ ಲೈಟ್, ಎದುರಿಗೆ ವಿಡಿಯೋದವರ ಲೈಟ್. ಈ ಎಲ್‌ಇಡಿಗಳು 100ಕ್ಕಲ್ಲ, ಇನ್ನೂ ಎಷ್ಟೋ ಜಾಸ್ತಿ ವೇಗದಲ್ಲಿ ಮಿಟುಕುತ್ತಿರಬಹುದು, ಹಾಗಾಗಿ ಮನೆಯ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಎ7ಆರ್5 ಸೈಲೆಂಟ್‌ನಲ್ಲಿ ವಧು-ವರರ ಮುಖದ ಮೇಲೇ ಪಟ್ಟಿ ಬರುವುದನ್ನು ಇಲ್ಲಿ ನೋಡಬಹುದು. ಮೆಕ್ಯಾನಿಕಲ್‌ಗೆ ಬದಲಾಯಿಸಿದರೆ ಬಹುಪಾಲು ಕಡಿಮೆ ಆಗುತ್ತದೆ. ಝಡ್8ರಲ್ಲಿ ಹೈ-ಫ್ರೀಕ್ವೆನ್ಸಿ ಫ್ಲಿಕರ್ ರಿಡಕ್ಷನ್ ಆನ್ ಮಾಡಿದರೆ ಶಟರ್ ಸ್ಪೀಡನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಾಯಿಸಿ ಪಟ್ಟಿ ಹೋಗುವ ಜಾಗ ಹುಡುಕಬಹುದು. ಹುಡುಕಲು ಎಷ್ಟು ಹೊತ್ತು ಬೇಕಾಯಿತು? ಅದನ್ನೂ ಬರೆಯಿರಿ. ವೇದಿಕೆ ಮೇಲೆ ಜನ ಕಾಯುವುದಿಲ್ಲ.

ಬೆಳಿಗ್ಗೆ ಮುಹೂರ್ತಕ್ಕೆ ಫೋಕಸ್ ಪರೀಕ್ಷೆ. ಮುಖ, ಕಣ್ಣು ಹುಡುಕುವುದರಲ್ಲಿ ಎರಡೂ ಗಟ್ಟಿಗರು, ಆದ್ದರಿಂದ ಕಷ್ಟದ್ದನ್ನೇ ಕೊಡಿ. ಬಾಸಿಂಗ ಕಟ್ಟಿ ತಲೆ ತಗ್ಗಿಸಿದ ಮುಖ. ಹೋಮದ ಹೊಗೆ. ಅಂತರಪಟದ ಅಂಚಿನಲ್ಲಿ ಅರ್ಧ ಕಾಣುವ ಕಣ್ಣು. ಪರದೆ ಸರಿದ ತಕ್ಷಣ ಜೀರಿಗೆ ಬೆಲ್ಲ ಹಾಕುವ ಕೈಗಳು ಮುಖಕ್ಕೆ ಅಡ್ಡ ಬರುತ್ತವಲ್ಲ, ಆಗ ಫೋಕಸ್ ಕೈಗೆ ಹಾರಿತಾ, ಮುಖದಲ್ಲೇ ಉಳಿಯಿತಾ? ಹಾರಿದರೆ ಎಷ್ಟು ಫ್ರೇಮ್ ಆದಮೇಲೆ ವಾಪಸ್ ಬಂತು? ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆದ ಫೋಟೋಗಳು) ಪೂರ್ತಿ ಇಟ್ಟುಕೊಳ್ಳಿ, ಅಲ್ಲೇ ಡಿಲೀಟ್ ಮಾಡಬೇಡಿ.

ರೇಷ್ಮೆ ಸೀರೆಗೆ ಬೇರೆ ಫೋಟೋ ತೆಗೆಯಿರಿ. ಅತಿ ಸಣ್ಣ ವಿವರವನ್ನು ಕೊಂಚ ಮಸುಕು ಮಾಡುವ ಲೋ-ಪಾಸ್ ಫಿಲ್ಟರ್ ಎರಡೂ ಕ್ಯಾಮೆರಾದಲ್ಲಿ ಇಲ್ಲ. ಅಂದರೆ ಸಣ್ಣ ನೇಯ್ಗೆ, ಜರಿ ಅಂಚಿನ ಮೇಲೆ ಕಾಮನಬಿಲ್ಲಿನಂಥ ಬಣ್ಣದ ಅಲೆ, ಮ್ವಾರೆ, ಬರುವ ಸಾಧ್ಯತೆ ಎರಡರಲ್ಲೂ ಇದೆ. ಪಿಕ್ಸೆಲ್ ಜಾಸ್ತಿ ಇರುವ ಸೋನಿಯಲ್ಲಿ ಸ್ವಲ್ಪ ಕಡಿಮೆ ಬರಬೇಕು. ಆದರೆ ದೂರ ಬದಲಾದರೆ ಅದೂ ಬದಲಾಗುತ್ತದೆ. ನೀವು ಸಾಮಾನ್ಯವಾಗಿ ನಿಲ್ಲುವ ದೂರದಿಂದ ಎರಡರಲ್ಲೂ ತೆಗೆದು ನೋಡಿ. ಅರಿಶಿನ ಶಾಸ್ತ್ರ ಸಿಕ್ಕಿದರೆ ಬಿಡಬೇಡಿ. ಅರಿಶಿನ, ಕುಂಕುಮ, ಚೆಂಡು ಹೂವು ಮೂರೂ ಒಂದೇ ಫ್ರೇಮ್‌ನಲ್ಲಿದ್ದರೆ ಕೆಂಪು ಚಾನೆಲ್ ಬೇಗ ಒಡೆದುಹೋಗುತ್ತದೆ (ಆ ಬಣ್ಣದ ವಿವರ ಉಳಿಯುವುದಿಲ್ಲ), ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಒಟ್ಟಾರೆ ಸರಿ ಎಂದು ತೋರಿಸುತ್ತಿದ್ದರೂ. ಮೂರು ಬಣ್ಣವನ್ನೂ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಳ್ಳಿ.

ಫ್ಲ್ಯಾಶ್ ಬಳಸುವವರು ಇದನ್ನು ಮರೆಯಬೇಡಿ: ಎ7ಆರ್5ರಲ್ಲಿ ಸೈಲೆಂಟ್ ಮೋಡ್‌ನಲ್ಲಿ ಫ್ಲ್ಯಾಶ್ ಕೆಲಸ ಮಾಡುವುದಿಲ್ಲ, ಮೆಕ್ಯಾನಿಕಲ್ ಬೇಕೇ ಬೇಕು. ಝಡ್8ರಲ್ಲಿ ಸದ್ದಿಲ್ಲದ ಶಟರ್ ಜೊತೆಗೇ ಫ್ಲ್ಯಾಶ್ ಹೊಡೆಯುತ್ತದೆ. ಫ್ಲ್ಯಾಶ್ ಹೊಳೆದ ಮೇಲೆ ಸದ್ದು ಇಲ್ಲದಿದ್ದು ಏನು ಪ್ರಯೋಜನ ಎನ್ನಬಹುದು. ಆದರೆ ಪದೇ ಪದೇ ಮೋಡ್ ಬದಲಾಯಿಸುವ ತಲೆನೋವು ತಪ್ಪುತ್ತದೆ.

ಬ್ಯಾಟರಿಯಲ್ಲಿ ಸೋನಿ ಮುಂದೆ. ಸಿಪಾ (ಕ್ಯಾಮೆರಾ ಕಂಪನಿಗಳ ಸಂಘ) ಲೆಕ್ಕದಲ್ಲಿ ವ್ಯೂಫೈಂಡರ್ ಬಳಸಿದರೆ ಎ7ಆರ್5 ಸುಮಾರು 440 ಫೋಟೋ, ಝಡ್8 ಸುಮಾರು 330. ಬರ್ಸ್ಟ್ ಹೊಡೆಯುವವರಿಗೆ ನಿಜವಾದ ಸಂಖ್ಯೆ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ, ಅನುಪಾತ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮತ್ತೆ ಎರಡು ಕಾರ್ಡ್‌ಗೂ ಒಟ್ಟಿಗೆ ಬರೆಸುವವರು ಝಡ್8ರಲ್ಲಿ ಎಸ್‌ಡಿ ಕಾರ್ಡ್ ವೇಗಕ್ಕೇ ಇಳಿಯುತ್ತೀರಿ. ದುಬಾರಿ ಟೈಪ್ ಬಿ ಕಾರ್ಡ್ ಪಕ್ಕದಲ್ಲಿ ಸುಮ್ನೆ ಕಾಯುತ್ತಿರುತ್ತದೆ.

## 7. ಓಡುವುದು, ಹಾರುವುದು

ನೇರವಾಗಿ ಕೃಷ್ಣಮೃಗಗಳಿರುವ ಮೈದನಹಳ್ಳಿಗೆ ಹೋಗಬೇಡಿ. ಹೊಸ ಕ್ಯಾಮೆರಾದ ಬಟನ್ ಬೆರಳಿಗೆ ಕೂರುವವರೆಗೆ ತುಮಕೂರಿನ ಅಮಾನಿಕೆರೆ ದಂಡೆಯಲ್ಲಿ ಒಂದು ಬೆಳಿಗ್ಗೆ ಕಳೆಯಿರಿ. ಹದ್ದು, ಬೆಳ್ಳಕ್ಕಿ ಹಾರುವುದನ್ನು ಹಿಡಿದು ಅಭ್ಯಾಸ ಮಾಡಿ. ಮೊದಲ ದಿನದ ಫಲಿತಾಂಶ ಲೆಕ್ಕಕ್ಕೆ ಬೇಡ, ಅದು ಕ್ಯಾಮೆರಾಕ್ಕಿಂತ ಜಾಸ್ತಿ ನಿಮ್ಮ ಕೈಯ ಪರೀಕ್ಷೆ. ಈಗಾಗಲೇ ಸೋನಿ ಬಳಸುತ್ತಿರುವವರಿಗೆ ಸೋನಿ, ನಿಕಾನ್ ಬಳಸುವವರಿಗೆ ನಿಕಾನ್ ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ.

ಆಮೇಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ, ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ, ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಹುಲ್ಲುಗಾವಲು ಫೋಕಸ್‌ಗೆ ಒಳ್ಳೆಯ ಕಾಟ ಕೊಡುತ್ತದೆ. ಮುಂದೆ ಹುಲ್ಲಿನ ತುದಿ, ಹಿಂದೆ ಅದೇ ಬಣ್ಣದ ನೆಲ, ನಡುವೆ ಕೊಂಬು. ಶಟರ್ 1/2000 ಅಥವಾ ಜಾಸ್ತಿ ಇಡಿ. ಒಂದು ಓಟ ಸೋನಿಯಲ್ಲಿ, ಮುಂದಿನ ಓಟ ನಿಕಾನ್‌ನಲ್ಲಿ, ಹೀಗೆ ಬದಲಾಯಿಸುತ್ತಾ ತೆಗೆಯಿರಿ. ಬೆಳಿಗ್ಗೆ ಪೂರ್ತಿ ಒಂದು, ಸಂಜೆ ಪೂರ್ತಿ ಇನ್ನೊಂದು ಅಂತ ಮಾಡಿದರೆ ಹೋಲಿಸಿದ್ದು ಬೆಳಿಗ್ಗೆಯನ್ನೂ ಸಂಜೆಯನ್ನೂ.

ಲೆಕ್ಕ ಎರಡು ಥರ ಬರೆಯಬೇಕು. ನೂರು ಫ್ರೇಮ್‌ಗೆ ಎಷ್ಟು ಶಾರ್ಪ್ ಎನ್ನುವುದು ಒಂದು. ಒಂದು ಓಟಕ್ಕೆ ಕೈಗೆ ಸಿಕ್ಕ ಒಳ್ಳೆಯ ಭಂಗಿ ಎಷ್ಟು ಎನ್ನುವುದು ಇನ್ನೊಂದು. ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣ ಸೆಕೆಂಡಿಗೆ 10 ಫ್ರೇಮ್‌ನಲ್ಲಿ ಎರಡು ಫ್ರೇಮ್ ನಡುವೆ ತಪ್ಪಿಹೋಗಬಹುದು, 20ರಲ್ಲಿ ಸಿಗುವ ಅವಕಾಶ ಜಾಸ್ತಿ. ಶೇಕಡಾವಾರಿನಲ್ಲಿ ಇಬ್ಬರೂ ಸಮ ಬಂದು ಇಲ್ಲಿ ವ್ಯತ್ಯಾಸ ಕಾಣುವುದುಂಟು. ವ್ಯೂಫೈಂಡರ್ ಬಗ್ಗೆಯೂ ಒಂದು ಸಾಲು ಬರೆಯಿರಿ. ಸೋನಿಯದು 94 ಲಕ್ಷ ಡಾಟ್, ಕಣ್ಣಿಗೆ ಹಬ್ಬ. ನಿಕಾನ್‌ನದು 37 ಲಕ್ಷದಷ್ಟೇ, ಆದರೆ ಬರ್ಸ್ಟ್ ನಡುವೆ ಕಪ್ಪಾಗುವುದಿಲ್ಲ. ಓಡುವ ಪ್ರಾಣಿಯನ್ನು ಹಿಂಬಾಲಿಸುವಾಗ ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ.

ಎಚ್ಚರಿಕೆಯ ಗುರುತು: ಬಿಸಿಲೇರಿದ ಮೇಲೆ ಎಲ್ಲ ಫ್ರೇಮೂ ಮೆತ್ತಗೆ, ಅಂಚುಗಳು ನೀರಿನಲ್ಲಿ ಅಲುಗಿದಂತೆ ಬರುತ್ತಿದ್ದರೆ ಅದು ಫೋಕಸ್ ತೊಂದರೆ ಅಲ್ಲ, ನೆಲದ ಕಾವು. 600 ಎಂಎಂನಲ್ಲಿ ದೂರದ ಪ್ರಾಣಿಗೆ ಯಾವ ಕ್ಯಾಮೆರಾವೂ ಇದನ್ನು ದಾಟಲಾರದು. ಆ ಹೊತ್ತಿನ ಫೈಲ್‌ಗಳನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕಿ. "61 ಮೆಗಾಪಿಕ್ಸೆಲ್ ಇದ್ದೂ ಶಾರ್ಪ್ ಇಲ್ಲ" ಎನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಸೀಸನ್‌ನಲ್ಲಿ ಹೋದರೆ ಹಾರಾಟದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಕೊಕ್ಕರೆ ಯಾವಾಗ ರೆಕ್ಕೆ ಬಿಚ್ಚುತ್ತದೆ ಎಂದು ಹೇಳಲಾಗುವುದಿಲ್ಲ. ಝಡ್8ರಲ್ಲಿ ಬಟನ್ ಪೂರ್ತಿ ಒತ್ತುವ ಮೊದಲಿನ ಒಂದು ಸೆಕೆಂಡಿನವರೆಗಿನ ಫೋಟೋಗಳನ್ನು ಉಳಿಸುವ ಪ್ರಿ-ರಿಲೀಸ್ ಇದೆ, ಆದರೆ ಜೆಪೆಗ್‌ನಲ್ಲಿ ಮಾತ್ರ. ಎ7ಆರ್5ರಲ್ಲಿ ಈ ಸೌಲಭ್ಯವೇ ಇಲ್ಲ. ಜೆಪೆಗ್ ಸಾಕಾ ಎನ್ನುವುದು ನಿಮ್ಮ ತೀರ್ಮಾನ. ಚಪ್ಪಾಳೆ ತಟ್ಟಿ, ಕಲ್ಲು ಎಸೆದು ಹಕ್ಕಿ ಹಾರಿಸುವವರು ದಯವಿಟ್ಟು ಮನೆಯಲ್ಲೇ ಇರಿ. ಆ ಊರಿನವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

## 8. ಬೆಟ್ಟ, ಬಂಡೆ

ಇಲ್ಲಿ ಸೋನಿಯ ದಿನ. ಆದರೂ ಎಷ್ಟು ಅಂತರದಿಂದ ಎಂದು ನೋಡಬೇಕು.

ಮಧುಗಿರಿ ಏಕಶಿಲಾ ಬೆಟ್ಟವನ್ನು ಊರಿನ ಕಡೆಯಿಂದ ಬೆಳಿಗ್ಗೆ ಬೇಗ ತೆಗೆಯಿರಿ. ಬಂಡೆಯ ಬಿರುಕು, ಕೋಟೆಯ ಗೋಡೆ, ಹತ್ತುತ್ತಿರುವ ಜನ ಚುಕ್ಕೆಯಂತೆ. ವಿವರ ಅಳೆಯಲು ಒಳ್ಳೆಯ ವಿಷಯ. ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ಎಫ್/5.6ರಿಂದ ಎಫ್/8. ಎಫ್/16ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಸಣ್ಣ ತೂತು ದಾಟುವಾಗ ಬೆಳಕು ಹರಡುವುದು) ಎರಡೂ ಮೆತ್ತಗಾಗಿ ವ್ಯತ್ಯಾಸವೇ ಅಳಿಸಿಹೋಗುತ್ತದೆ.

61ಕ್ಕೂ 45.7ಕ್ಕೂ ಬಹಳ ಅಂತರ ಇದ್ದಂತೆ ಕೇಳಿಸುತ್ತದೆ. ಉದ್ದದಲ್ಲಿ ನೋಡಿದರೆ 9504 ಪಿಕ್ಸೆಲ್, 8256 ಪಿಕ್ಸೆಲ್. ಅಂದರೆ 15% ಜಾಸ್ತಿ, ಅಷ್ಟೇ. ಇಂಚಿಗೆ 300 ಪಿಕ್ಸೆಲ್‌ನಂತೆ ಪ್ರಿಂಟ್ ಹಾಕಿದರೆ ಒಂದು ಸುಮಾರು 32 ಇಂಚು, ಇನ್ನೊಂದು 27.5 ಇಂಚು. ಗೋಡೆ ಅಗಲದ ಪ್ರಿಂಟ್ ಮಾರುವವರಿಗೆ ಇದು ಬೇಕು. ಮದುವೆ ಆಲ್ಬಂಗೆ ಲೆಕ್ಕ ಹಾಕಿ: 12x18ರ ಒಂದು ಪುಟಕ್ಕೆ 5400x3600 ಪಿಕ್ಸೆಲ್ ಸಾಕು, ಅಂದರೆ 19 ಮೆಗಾಪಿಕ್ಸೆಲ್ ಚಿಲ್ಲರೆ. ಝಡ್8ರ ಡಿಎಕ್ಸ್ ಕ್ರಾಪ್ (ಸೆನ್ಸರಿನ ನಡುಭಾಗ ಮಾತ್ರ ಬಳಸುವ ಮೋಡ್) ಕೂಡ ಹತ್ತಿರ ಹತ್ತಿರ ಅಷ್ಟೇ ಕೊಡುತ್ತದೆ. ಆಲ್ಬಂ ಕೆಲಸಕ್ಕೇ 61 ಬೇಕು ಎನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ.

ದೇವರಾಯನದುರ್ಗದಲ್ಲಿ ಸೂರ್ಯೋದಯಕ್ಕೆ ಹೋದಾಗ ಮಾತ್ರ ನಾಲ್ಕನೇ ಹಂತದ ಒಂದೇ ಐಎಸ್‌ಒ ನಿಯಮ ಮುರಿಯಿರಿ. ಝಡ್8ರ ಬೇಸ್ ಐಎಸ್‌ಒ (ಸೆನ್ಸರಿನ ಸಹಜವಾದ ಅತಿ ಕಡಿಮೆ ಐಎಸ್‌ಒ) 64, ಎ7ಆರ್5ರದು 100. ಪ್ರತಿಯೊಂದನ್ನೂ ಅದರ ಬೇಸ್‌ನಲ್ಲಿಟ್ಟು, ಆಕಾಶ ಒಡೆಯದಷ್ಟು ಬೆಳಕು ಕೊಟ್ಟು ತೆಗೆಯಿರಿ. ಸುಮಾರು ಮೂರನೇ ಎರಡು ಸ್ಟಾಪ್‌ನಷ್ಟು ಜಾಸ್ತಿ ಬೆಳಕು ನಿಕಾನ್ ಸೆನ್ಸರ್‌ಗೆ ಸಿಗುತ್ತದೆ, ಕಣಿವೆಯ ನೆರಳು ಎತ್ತಿದಾಗ ಅದು ಸಹಾಯಕ್ಕೆ ಬರುತ್ತದೆ. ಒಂದೇ ಐಎಸ್‌ಒದಲ್ಲಿ ಹೋಲಿಸಿದರೆ ಈ ಲಾಭ ಕಾಣುವುದೇ ಇಲ್ಲ.

ಮ್ಯಾಕ್ರೋ ಮಾಡುವವರಿಗೆ ಒಂದು ಮಾತು: ಎ7ಆರ್5 ಕೀಟಗಳನ್ನೂ ಗುರುತಿಸುತ್ತದೆ, ಝಡ್8ರ ಪಟ್ಟಿಯಲ್ಲಿ ಕೀಟ ಇಲ್ಲ. ವಿಡಿಯೋ ಮುಖ್ಯ ಆದರೆ ಹೆಚ್ಚು ಯೋಚಿಸುವುದೇನಿಲ್ಲ. 8ಕೆಯಲ್ಲಿ ಝಡ್8 60 ಫ್ರೇಮ್‌ವರೆಗೆ ಹೋಗುತ್ತದೆ, ಎ7ಆರ್5 24-25ಕ್ಕೆ ನಿಲ್ಲುತ್ತದೆ.

## 9. ಫೈಲ್ ನೋಡುವುದು

ಮನೆಗೆ ಬಂದ ರಾತ್ರಿಯೇ ತೀರ್ಪು ಬೇಡ. ಎರಡರ ರಾ ಫೈಲ್‌ಗಳನ್ನೂ ಒಂದೇ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ, ಒಂದೇ ಪ್ರೊಫೈಲ್, ಶಾರ್ಪನಿಂಗ್ ಸೊನ್ನೆ, ನಾಯ್ಸ್ ರಿಡಕ್ಷನ್ ಸೊನ್ನೆ. ಆಮೇಲೆ ಎರಡನ್ನೂ ಒಂದೇ ಅಳತೆಗೆ ಇಳಿಸಿ. 61 ಮೆಗಾಪಿಕ್ಸೆಲ್ ಫೈಲನ್ನು 100%ನಲ್ಲಿ ನೋಡುವುದೆಂದರೆ ದೊಡ್ಡ ಪ್ರಿಂಟ್‌ಗೆ ಮೂಗು ತಾಗಿಸಿ ನೋಡಿದ ಹಾಗೆ, ನಾಯ್ಸ್ ಜಾಸ್ತಿ ಕಾಣಲೇಬೇಕು. ಒಂದೇ ಅಳತೆಗೆ ತಂದ ಮೇಲೆ ಐಎಸ್‌ಒ 6400ರ ವ್ಯತ್ಯಾಸ ಎಷ್ಟು ಉಳಿಯುತ್ತದೆ ನೋಡಿ, ಆಶ್ಚರ್ಯ ಆಗಬಹುದು.

ಈಗ ಆ ಗೆಳೆಯನನ್ನು ಕರೆಯಿರಿ. ಜೆಪೆಗ್ ಮಾಡಿ, ಮೆಟಾಡೇಟಾ ತೆಗೆಸಿ, ಅವನು ಮನಸ್ಸಿಗೆ ಬಂದ ಹೆಸರು ಕೊಡಲಿ. ಯಾವುದು ಯಾವ ಕ್ಯಾಮೆರಾ ಎಂದು ಅವನ ಹತ್ತಿರ ಮಾತ್ರ ಇರಲಿ. ನೀವು ಆರಿಸಿ. ಬೆಟ್ಟದ ಫೋಟೋದಲ್ಲಿ ಗುರುತು ಹಿಡಿಯಲು ಆಗದಿದ್ದರೆ ಆ ವಿಭಾಗ ಸಮ ಎಂದು ಬರೆಯಿರಿ, ಸ್ಪೆಕ್ ಶೀಟ್ ಏನೇ ಹೇಳಲಿ. ಆಲ್ಬಂ ಕೆಲಸ ಮಾಡುವವರು ಎರಡು ಪುಟ ಪ್ರಿಂಟ್ ಹಾಕಿಸಿ ನೋಡುವುದು ಇನ್ನೂ ಒಳ್ಳೆಯದು.

ಆಮೇಲೆ ಮೊದಲ ಪುಟದ ಮೂರು ತೊಂದರೆಗಳಿಗೆ ವಾಪಸ್ ಹೋಗಿ. ಎಲ್‌ಇಡಿ ಪಟ್ಟಿ, ತಪ್ಪಿಹೋದ ಕ್ಷಣ, ಓಡುವ ಪ್ರಾಣಿ ಇದ್ದರೆ ನನ್ನ ಓಟು ಝಡ್8ಗೆ. ಕ್ರಾಪ್ ಸಾಲದು, ದೊಡ್ಡ ಪ್ರಿಂಟ್, ಪ್ರಾಡಕ್ಟ್, ಮ್ಯಾಕ್ರೋ, ಕುತ್ತಿಗೆ ನೋವು ಇದ್ದರೆ ಎ7ಆರ್5. ಎರಡೂ ಇದ್ದರೆ ಯಾವುದರಿಂದ ಮನೆ ನಡೆಯುತ್ತದೋ ಅದಕ್ಕೆ ತೆಗೆದುಕೊಳ್ಳಿ.

## 10. ಬಿಲ್ ಕಟ್ಟುವ ಮೊದಲು

ಬಾಡಿ ಬೆಲೆ ಮಾತ್ರ ಹೋಲಿಸಬೇಡಿ. ಬಾಡಿ, ಎರಡು ಲೆನ್ಸ್, ಕಾರ್ಡ್, ಎರಡು ಮೂರು ಹೆಚ್ಚುವರಿ ಬ್ಯಾಟರಿ, ಹಾರ್ಡ್ ಡಿಸ್ಕ್ ಎಲ್ಲ ಕೂಡಿಸಿ. ಎ7ಆರ್5ರ ಅನ್‌ಕಂಪ್ರೆಸ್ಡ್ ರಾ ಒಂದೊಂದೂ 120 ಎಂಬಿ ಮೇಲೆ. ಒಂದು ಮದುವೆಗೆ 3000 ಫೋಟೋ ಎಂದರೆ 360 ಜಿಬಿ ದಾಟುತ್ತದೆ, ಬ್ಯಾಕಪ್ ಸೇರಿದರೆ ಅದರ ಎರಡರಷ್ಟು. ಕಂಪ್ರೆಸ್ಡ್ ಅಥವಾ ಲಾಸ್‌ಲೆಸ್‌ನಲ್ಲಿ ಎಷ್ಟೋ ಇಳಿಯುತ್ತದೆ, ಆದರೂ ಹಳೆಯ ಲ್ಯಾಪ್‌ಟಾಪ್ ಒದ್ದಾಡುವುದು ಖಂಡಿತ. ಬಾಡಿಗೆ ಫೈಲ್‌ಗಳನ್ನು ನಿಮ್ಮದೇ ಕಂಪ್ಯೂಟರ್‌ನಲ್ಲಿ ಎಡಿಟ್ ಮಾಡಿ ಇದನ್ನು ಮೊದಲೇ ತಿಳಿದುಕೊಳ್ಳಿ.

ಭಾರತದ ಬಿಲ್, ಭಾರತದ ವಾರಂಟಿ ಕಾರ್ಡ್ ಇಲ್ಲದ ಅಗ್ಗದ ಬಾಡಿಯಿಂದ ದೂರ ಇರಿ. ಸರ್ವಿಸ್ ಸೆಂಟರ್‌ನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ಹೋಗಬಹುದು. ಸ್ಟುಡಿಯೋಗೆ ಜಿಎಸ್‌ಟಿ ನೋಂದಣಿ ಇದ್ದರೆ ಆ ನಂಬರಿನಲ್ಲೇ ಬಿಲ್ ಮಾಡಿಸಿ, ಇನ್‌ಪುಟ್ ಕ್ರೆಡಿಟ್ ಬಗ್ಗೆ ನಿಮ್ಮ ಲೆಕ್ಕಿಗರನ್ನು ಕೇಳಿ.

ಡಬ್ಬ ತೆರೆಯುವುದನ್ನು ಪೂರ್ತಿ ವಿಡಿಯೋ ಮಾಡಿ. ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲೇ ಲೆನ್ಸ್ ಕ್ಯಾಪ್ ಹಾಕಿ 30 ಸೆಕೆಂಡ್ ಎಕ್ಸ್‌ಪೋಶರ್ ತೆಗೆದು ಹಾಟ್ ಪಿಕ್ಸೆಲ್ (ಕತ್ತಲಲ್ಲೂ ಹೊಳೆಯುವ ಚುಕ್ಕೆ) ನೋಡಿ, ಎಫ್/16ರಲ್ಲಿ ಬಿಳಿ ಗೋಡೆ ತೆಗೆದು ಕಲೆ ನೋಡಿ, ಎರಡೂ ಕಾರ್ಡ್ ಸ್ಲಾಟ್‌ಗೆ ಒಂದೊಂದು ಸಲ ಬರೆಸಿ, ಪ್ರತಿ ಬಟನ್ ಒತ್ತಿ. ಝಡ್8ರಲ್ಲಿ ಆಫ್ ಮಾಡಿದಾಗ ಸೆನ್ಸರ್ ಮುಚ್ಚುವ ಪರದೆ ಇದೆ, ಎ7ಆರ್5ರಲ್ಲಿ ಆಫ್ ಆದಾಗ ಶಟರ್ ಮುಚ್ಚುವ ಆಯ್ಕೆ ಮೆನುವಿನಲ್ಲಿದೆ. ಮೆನುವಿನಲ್ಲಿ ಈ ಆಯ್ಕೆಯನ್ನು ಆನ್ ಮಾಡಿಡಿ, ಮಧುಗಿರಿ ಕಡೆಯ ಧೂಳಿನಲ್ಲಿ ಲೆನ್ಸ್ ಬದಲಾಯಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಆ ಪರದೆಗಳು ಬಹಳ ನಾಜೂಕು, ಅವುಗಳ ಮೇಲೆ ಬೆರಳೂ ತಾಗಬಾರದು, ಬ್ಲೋವರ್‌ನ ತುದಿಯೂ ತಾಗಬಾರದು.